ಕೊನೆಯ ನಾಲ್ಕು ಸಾಲು

ಕೇಂದ್ರ ಸರ್ಕಾರದ ಕಚೇರಿಯೊಂದಕ್ಕೆ ನಾನು ಗುಮಾಸ್ತನಾಗಿ ಸೇರಿದ ಮೊದಲ ವಾರದಲ್ಲಿ ನಮ್ಮ ಸೂಪರಿಂಟೆಂಡೆಂಟರು ಒಂದು ಪತ್ರದ ಕರಡನ್ನು ಮುಂದಿಟ್ಟು, ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ ಯಾವುದು ಎಂದು ಕೇಳಿದರು. ಇಂಗ್ಲಿಷ್ ಎಂ.ಎ. ಮುಗಿಸಿ ಆಗಷ್ಟೇ ಬಂದಿದ್ದವನು ನಾನು. ಎರಡನೆಯ ಪರಿಚ್ಛೇದದ ವಾದಸರಣಿಯನ್ನು ಹುಮ್ಮಸ್ಸಿನಿಂದ ತೋರಿಸಿದೆ. ಅವರು ನಕ್ಕು ಹಾಳೆಯ ಬುಡದ ಮೇಲೆ ಬೆರಳಿಟ್ಟರು. ಅಲ್ಲಿದ್ದದ್ದು ನಾಲ್ಕು ಸಾಲು: ಮೂಲ ಪ್ರತಿ ಯಾರಿಗೆ, ನಕಲು ಯಾರಿಗೆ, ಕಚೇರಿ ಪ್ರತಿ ಯಾವ ಕಡತಕ್ಕೆ, ಸಾದಾ ಅಂಚೆಯೋ ರಿಜಿಸ್ಟರ್ಡ್ ಅಂಚೆಯೋ. ಒಡಲಿನಲ್ಲಿ ತಪ್ಪಾದರೆ ತಿದ್ದುಪಡಿ ಹೊರಡಿಸಬಹುದು, ಕಾಗದ ಬೇರೆಯವರ ಕೈ ಸೇರಿದ ಮೇಲೆ ಏನನ್ನು ಹೊರಡಿಸುತ್ತೀ ಎಂಬುದು ಅವರು ತಮಿಳಿನಲ್ಲಿ ಹೇಳಿದ್ದರ ತಾತ್ಪರ್ಯ.

ಎರಡು ದಶಕಗಳ ಮೇಲೆ ಆ ನಾಲ್ಕು ಸಾಲು ಬೇರೆ ವೇಷ ತೊಟ್ಟು ನನ್ನ ಮೇಜಿಗೆ ಮರಳಿವೆ. ಈಗ ನಮ್ಮ ದೊಡ್ಡ ಪಟ್ಟಿಗಳನ್ನೆಲ್ಲ ಕ್ಲೌಡ್‌ನಲ್ಲಿ ಓಡುವ ‘ಜಾಬ್’ಗಳು ಸಂಸ್ಕರಿಸುತ್ತವೆ. ನಾನು ಪ್ರೋಗ್ರಾಮರ್ ಅಲ್ಲ. ‘ಇವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ’ ಎಂಬ ಒಂದೇ ಅರ್ಹತೆಯ ಮೇಲೆ ಕೈಪಿಡಿಗಳೆಲ್ಲ ನನ್ನ ಪಾಲಿಗೆ ಬಂದವು. ಓದುತ್ತ ಓದುತ್ತ ಕೋಡನ್ನು ಓದುವಷ್ಟಾದೆ, ಬರೆಯುವಷ್ಟು ಇನ್ನೂ ಆಗಿಲ್ಲ. ನಮ್ಮ ಬಳಗದ ಸಾಫ್ಟ್‌ವೇರ್ ಮಿತ್ರರು ನಗಲಿ, ಅಡ್ಡಿಯಿಲ್ಲ. ಆದರೆ ನನಗೊಂದು ಗಟ್ಟಿ ಅಭಿಪ್ರಾಯವಿದೆ. ಇಂಥ ಜಾಬ್‌ನ ಕೋಡಿನ ಕೊನೆಯಲ್ಲಿ ಬರುವ ಔಟ್‌ಪುಟ್ ಸೆಟ್ಟಿಂಗ್‌ಗಳನ್ನು ಯಂತ್ರದ ಡಿಫಾಲ್ಟ್‌ಗೂ ಬಿಡಬಾರದು, ಎಂಜಿನಿಯರನ ಅಭ್ಯಾಸಬಲಕ್ಕೂ ಬಿಡಬಾರದು. ಒಂದೊಂದನ್ನೂ ಕೋಡಿನಲ್ಲಿ ಬಾಯಿಬಿಟ್ಟು ಬರೆಯಬೇಕು. ಬರೆಯುವ ಮೊದಲು, ಹೊರಬರುವುದನ್ನು ಯಾರು ಓದುತ್ತಾರೋ ಅವರನ್ನು ಕೇಳಬೇಕು. ಈ ಅಭಿಪ್ರಾಯ ಪುಸ್ತಕದಿಂದ ಬಂದದ್ದಲ್ಲ. ನಾನು ಐದು ತಿಂಗಳು ಮಾಡಿದ ಕೆಲಸ ಒಂದು ಶುಕ್ರವಾರ ಸಂಜೆ ಒಂದೇ ಪದದಿಂದ ಅಳಿಸಿಹೋಯಿತು. ಅಲ್ಲಿಂದ ಬಂದದ್ದು.

ಮಾತು ತಾಂತ್ರಿಕವಾಯಿತು ಎನ್ನುವವರಿಗೆ ನಾನಿರುವ ಮಾಧವರಂನಿಂದಲೇ ಹೇಳುತ್ತೇನೆ. ಚೆನ್ನೈನ ಉತ್ತರದಲ್ಲಿರುವ ನಮ್ಮ ಬಡಾವಣೆಗೆ ‘ಮಿಲ್ಕ್ ಕಾಲೊನಿ’ ಎಂದೇ ಹೆಸರು ನಿಂತಿದೆ. ತಮಿಳುನಾಡು ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರ ಕಚೇರಿಯೂ ಇಲ್ಲೇ, ಆವಿನ್ ಡೇರಿಯೂ ಇಲ್ಲೇ. ಮೆಟ್ರೊ ಕಾಮಗಾರಿಗೆಂದು ಅಗೆದ ರಸ್ತೆಗಳ ನಡುವೆ ಟ್ಯಾಂಕರುಗಳು ಬರುತ್ತಿರುತ್ತವೆ. ಒಳಗೆ ಹೋಗುವುದು ಹಾಲು. ಹೊರಗೆ ಬರುವುದು ನೀಲಿ, ಹಸಿರು, ಕಿತ್ತಳೆ ಬಣ್ಣದ ಪೊಟ್ಟಣ. ನಡುವೆ ಕಾಯಿಸುವ, ತಣಿಸುವ ಕೆಲಸ ಎಷ್ಟು ನಿಷ್ಠೆಯಿಂದ ನಡೆದರೂ, ಕೊಬ್ಬು ಎಷ್ಟಿರಬೇಕು, ಪೊಟ್ಟಣ ಅರ್ಧ ಲೀಟರಿನದೋ ಒಂದು ಲೀಟರಿನದೋ, ಮೇಲೆ ಯಾವ ದಿನಾಂಕ, ಯಾವ ಬೂತಿಗೆ ಎಷ್ಟು ಕ್ರೇಟು ಎಂಬುದನ್ನು ಬಾಯ್ಲರು ತೀರ್ಮಾನಿಸುವುದಿಲ್ಲ. ಯಾರೋ ಮನುಷ್ಯರು ಮೊದಲೇ ತೀರ್ಮಾನಿಸಿರುತ್ತಾರೆ. ಬೆಳಗಿನ ಕಾಫಿಗೆ ನಮ್ಮನೆಯಲ್ಲಿ ಕಿತ್ತಳೆ ಪೊಟ್ಟಣವೇ ಆಗಬೇಕು. ಹಾಲು ಚೆನ್ನಾಗಿ ಕಾಯಿಸಿದ್ದೇವೆ ಎಂದು ಹೇಳಿ ನೀಲಿಯದನ್ನು ಕೊಟ್ಟರೆ ನನ್ನ ಹೆಂಡತಿ ಒಪ್ಪುವುದಿಲ್ಲ.

ದತ್ತಾಂಶದ ಜಾಬ್ ಕೂಡ ಇಷ್ಟೇ. ಎಲ್ಲಿಂದ ಓದಬೇಕು, ಓದಿದ್ದನ್ನು ಏನು ಮಾಡಬೇಕು, ಮಾಡಿದ್ದನ್ನು ಎಲ್ಲಿ, ಹೇಗೆ ಬರೆಯಬೇಕು. ಮೊದಲೆರಡಕ್ಕೆ ಸಭೆಗಳು ನಡೆಯುತ್ತವೆ, ತಜ್ಞರು ಬರುತ್ತಾರೆ. ಮೂರನೆಯದು ಸಂಜೆ ಆರೂವರೆಯ ಕೆಲಸ. ಅದರಲ್ಲಿರುವ ಪ್ರಶ್ನೆಗಳು ಮಾತ್ರ ಕಡಿಮೆಯವಲ್ಲ: ಯಾವ ಜಾಗ, ಯಾವ ರೂಪ, ಯಾವ ಅಕ್ಷರ ಸಂಕೇತ, ಒಂದೇ ಕಡತವೋ ತಿಂಗಳಿಗೊಂದೋ, ಅಲ್ಲಿ ಆಗಲೇ ಏನಾದರೂ ಇದ್ದರೆ ಏನು ಮಾಡಬೇಕು, ಓದುವ ಹಕ್ಕು ಯಾರಿಗೆ. ಕೆಲವು ಸೇವೆಗಳಲ್ಲಿ ಇದನ್ನು ಹೇಳದೆ ಹೋದರೆ ಏನೂ ಉಳಿಯುವುದೇ ಇಲ್ಲ. ಅಮೆಜಾನ್‌ನ ಸೇಜ್‌ಮೇಕರ್‌ನಲ್ಲಿ ಸಂಸ್ಕರಣೆಯ ಜಾಬ್ ಓಡಿಸಿದರೆ ಅದಕ್ಕೆಂದು ಒಂದು ಬಾಡಿಗೆ ಯಂತ್ರ ಹುಟ್ಟುತ್ತದೆ, ಕೆಲಸ ಮುಗಿದೊಡನೆ ಅಳಿಯುತ್ತದೆ. ಔಟ್‌ಪುಟ್ ಎಂದು ಘೋಷಿಸಿದ ಫೋಲ್ಡರಿನಲ್ಲಿದ್ದದ್ದು ಶಾಶ್ವತ ಸಂಗ್ರಹಕ್ಕೆ ಹೋಗುತ್ತದೆ. ಪಕ್ಕದ ಫೋಲ್ಡರಿನಲ್ಲಿ ಬರೆದಿಟ್ಟದ್ದು ಯಂತ್ರದ ಜೊತೆಗೇ ಸಹಗಮನ ಮಾಡುತ್ತದೆ. ಜಾಬ್ ಯಶಸ್ವಿ ಎಂಬ ಹಸಿರು ಗುರುತು ಆಗಲೂ ಬರುತ್ತದೆ.

ಇನ್ನು ನನ್ನ ಕಥೆ. ನಮ್ಮ ಕಚೇರಿಯಿಂದ ಪ್ರತಿ ವರ್ಷ ಅಕ್ಟೋಬರಿನಲ್ಲಿ ಪಿಂಚಣಿದಾರರಿಗೆ ಒಂದು ಪತ್ರ ಹೋಗುತ್ತದೆ, ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಸಲ್ಲಿಸಿ ಎಂದು ನೆನಪಿಸುವುದಕ್ಕೆ. ಅವರಲ್ಲಿ ಕರ್ನಾಟಕಕ್ಕೆ ಮರಳಿ ನೆಲೆಸಿದವರು ಬಹಳ ಮಂದಿ. ಒಂದು ವರ್ಷ, ಹೆಸರು ಮತ್ತು ವಿಳಾಸವನ್ನು ಅವರವರ ಭಾಷೆಯಲ್ಲೇ ಮುದ್ರಿಸೋಣ ಎಂದು ಮೇಲಧಿಕಾರಿಗಳಿಗೆ ಒಳ್ಳೆಯ ಮನಸ್ಸು ಬಂತು. ಪತ್ರಗಳು ಹೋದವು. ಹತ್ತು ದಿನಗಳ ಮೇಲೆ ಮೈಸೂರಿನ ಕಡೆಯ ಹಿರಿಯರೊಬ್ಬರ ಫೋನ್ ಬಂತು. ಕನ್ನಡದಲ್ಲಿ ಮಾತಾಡುವವರು ಬೇಕೆಂದು ಕೇಳಿದ್ದರಿಂದ ನನಗೆ ಕೊಟ್ಟರು. “ಅಲ್ಲಾ ಸ್ವಾಮಿ, ಹೆಸರು ಅರ್ಧ ಬಂದಿದೆಯಲ್ಲ, ಪಿಂಚಣಿಯೂ ಅರ್ಧವೇ ಬರುತ್ತದೆಯೋ?” ಎಂದರು. ದನಿಯಲ್ಲಿ ತಮಾಷೆಯಿತ್ತು, ಅದರ ಕೆಳಗೆ ಭಯವೂ ಇತ್ತು. ಬ್ಯಾಂಕಿನಲ್ಲಿ ಒಂದು ಹೆಸರು, ಪಿಂಚಣಿ ಪುಸ್ತಕದಲ್ಲಿ ಇನ್ನೊಂದು ಹೆಸರು ಆದವರ ಪಾಡನ್ನು ಅವರು ಕಂಡಿದ್ದರು.

ಅವರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅಷ್ಟೇ ಉದ್ದದ, ನಮ್ಮಲ್ಲಿ ಊರಿಗೆ ಹತ್ತು ಮಂದಿ ಇರುವ ಲಕ್ಷ್ಮೀನಾರಾಯಣ ಎಂಬ ಹೆಸರನ್ನೇ ತೆಗೆದುಕೊಳ್ಳಿ. ನೀವೂ ನಾನೂ ಅದರಲ್ಲಿ ಆರು ಅಕ್ಷರ ಕಾಣುತ್ತೇವೆ. ಯೂನಿಕೋಡ್ ಹದಿಮೂರು ಕಾಣುತ್ತದೆ, ಏಕೆಂದರೆ ಕ್ಷ್ಮೀ ಎಂಬ ಒಂದೇ ಅಕ್ಷರದಲ್ಲಿ ಅದಕ್ಕೆ ಮೂರು ವ್ಯಂಜನ, ಎರಡು ಹಲಂತ, ಒಂದು ದೀರ್ಘದ ಗುರುತು ಬೇರೆಬೇರೆಯಾಗಿ ಸಿಗುತ್ತವೆ. ಆ ಹದಿಮೂರೂ ಯುಟಿಎಫ್-8 ಎಂಬ ಸಂಕೇತದಲ್ಲಿ ತಲಾ ಮೂರು ಬೈಟ್ ಜಾಗ ಹಿಡಿಯುತ್ತವೆ, ಒಟ್ಟು 39. ಅದೇ ಹೆಸರು ಇಂಗ್ಲಿಷಿನಲ್ಲಿ 15 ಅಕ್ಷರ, 15 ಬೈಟ್. ನಮ್ಮ ಜಾಬ್‌ನ ಔಟ್‌ಪುಟ್ ಭಾಗದಲ್ಲಿ ಹೆಸರಿನ ಅಗಲ 30 ಬೈಟ್ ಎಂದಿತ್ತು. ಇಂಗ್ಲಿಷ್ ಮಾತ್ರ ಮುದ್ರಿಸುತ್ತಿದ್ದ ಕಾಲದಿಂದ ಬಂದ ಅಳತೆ; ಯಾರೂ ಮುಟ್ಟಿರಲಿಲ್ಲ. ಮೂವತ್ತನ್ನು ಮೂರರಿಂದ ಭಾಗಿಸಿದರೆ ಹತ್ತು. ಹತ್ತು ಗುರುತು ಮುಗಿದಲ್ಲಿ ಕತ್ತರಿ ಬಿತ್ತು: ಲಕ್ಷ್ಮೀನಾರ.

ತಮಿಳು ಹೆಸರುಗಳೂ ಹಾಗೇ ತುಂಡಾಗಿದ್ದವು, ತಮಿಳಿಗೂ ಅಕ್ಷರಕ್ಕೆ ಮೂರೇ ಬೈಟ್. ಆದರೆ ಅವನ್ನು ಮೊದಲ ಕಂತು ಮುದ್ರಣವಾದ ಬೆಳಗ್ಗೆಯೇ ಟಪಾಲು ಒಯ್ಯುವ ಹುಡುಗ ಕಂಡುಹಿಡಿದ. ತಮಿಳಿನ ಅಗಲವನ್ನು ಅಂದೇ ಹೆಚ್ಚಿಸಿದರು. ಕನ್ನಡದ ಕಟ್ಟುಗಳನ್ನೂ ಅದೇ ಹುಡುಗನೇ ಒಯ್ದಿದ್ದು. ಅವನಿಗೆ ಅದು ಚಿತ್ತಾರ. ನಾನು ಆ ವಾರ ರಜೆಯ ಮೇಲಿದ್ದೆ. ಹೊರನಾಡಿನಲ್ಲಿರುವ ನಮಗೆ ಇದು ಹೊಸದಲ್ಲ: ತಪ್ಪು ಎಲ್ಲರಿಗೂ ಆಗುತ್ತದೆ, ಅಕ್ಷರ ಬಲ್ಲವರು ಹತ್ತಿರದಲ್ಲಿ ಇದ್ದವರದು ಮಾತ್ರ ಬೇಗ ಸರಿಹೋಗುತ್ತದೆ.

ಅಲ್ಲಿಂದ ಕನ್ನಡದ ಪಟ್ಟಿಯ ಜವಾಬ್ದಾರಿ ನನಗೆ ಬಂತು. ಅಗಲ ಹೆಚ್ಚಿಸಿದ ಮೇಲೆ ಕಡತವನ್ನು ಮುದ್ರಕರಿಗೆ ಕಳಿಸಿದರೆ ಅವರು ತೆರೆದು ಇನ್ನೊಂದು ದೂರು ಹೇಳಿದರು: ಹೆಸರುಗಳ ಜಾಗದಲ್ಲೆಲ್ಲ ಗೀಚು. ಇದು ಸಿಎಸ್‌ವಿ ಎಂಬ ಸರಳ ಪಠ್ಯರೂಪದ ಹಳೆಯ ಕಾಯಿಲೆ. ಇದು ಯುಟಿಎಫ್-8 ಎಂದು ಕಡತದ ಮೊದಲಿಗೆ ಮೂರು ಬೈಟಿನ ಒಂದು ಗುರುತು ಹಾಕದಿದ್ದರೆ, ಎರಡು ಬಾರಿ ಕ್ಲಿಕ್ಕಿಸಿ ತೆರೆಯುವವರ ಎಕ್ಸೆಲ್ ಅದನ್ನು ಪಾಶ್ಚಾತ್ಯ ಲಿಪಿಯೆಂದು ಬಗೆಯುವುದುಂಟು. ಪೈಥಾನ್‌ನಲ್ಲಿ ಆ ಗುರುತು ಬೇಕೆಂದರೆ ಬರೆಯುವಾಗ ಸಂಕೇತದ ಹೆಸರಿಗೆ ‘ಸಿಗ್’ ಎಂಬ ಬಾಲ ಸೇರಿಸಿದರೆ ಆಯಿತು. ಒಂದು ಪದದ ಕೆಲಸ.

ಆ ಗೀಚಿನಲ್ಲೂ ಒಂದು ಸ್ವಾರಸ್ಯ ಕಂಡೆ. ಕನ್ನಡ ಹಾಗೆ ಕೆಟ್ಟಾಗ ತಲೆಯ ಮೇಲೆ ಗೀರಿರುವ ರೋಮನ್ ಎ ಅಕ್ಷರ ಮತ್ತೆ ಮತ್ತೆ ಬರುತ್ತದೆ. ಅದರ ಮಗ್ಗುಲಲ್ಲಿ ವರ್ಗ, ಘನ ಬರೆಯುವಾಗ ಹಾಕುವಂಥ ಪುಟ್ಟ ಎರಡು ಅಥವಾ ಪುಟ್ಟ ಮೂರು. ತಮಿಳು ಕೆಟ್ಟರೆ ಅದೇ ಎ, ಮಗ್ಗುಲಲ್ಲಿ ವೃತ್ತದೊಳಗಿನ ಆರ್, ನೋಂದಾಯಿತ ಟ್ರೇಡ್‌ಮಾರ್ಕಿನದು. ತೆಲುಗಿಗೆ ಉಷ್ಣಾಂಶದ ಸೊನ್ನೆ. ಯೂನಿಕೋಡ್‌ನಲ್ಲಿ ಒಂದೊಂದು ಲಿಪಿಗೂ ಕೊಟ್ಟಿರುವ ಮನೆಸಂಖ್ಯೆಯ ಫಲ ಅದು. ಈಗ ಹಾಳಾದ ಕಡತ ಬಂದರೆ, ಒಳಗಿರುವುದು ಕನ್ನಡಿಗರೋ ತಮಿಳರೋ ಎಂದು ನಾನು ದೂರದಿಂದಲೇ ಹೇಳಬಲ್ಲೆ. ಎಂ.ಎ.ಯಲ್ಲಿ ಕಲಿತ ಛಂದಸ್ಸು ಎಷ್ಟು ಉಪಯೋಗಕ್ಕೆ ಬಂತೋ ತಿಳಿಯದು, ಈ ವಿದ್ಯೆ ವಾರಕ್ಕೊಮ್ಮೆ ಬರುತ್ತಿದೆ.

ಇಷ್ಟಾದ ಮೇಲೆ ಉಳಿದದ್ದು ನಿಜವಾದ ಕೆಲಸ. ಹೆಸರುಗಳು ಮೂಲದಲ್ಲಿದ್ದದ್ದು ಇಂಗ್ಲಿಷಿನಲ್ಲಿ. ಕನ್ನಡಕ್ಕೆ ತಂದದ್ದು ಯಂತ್ರ. ಇಂಗ್ಲಿಷಿನಲ್ಲಿ ಕಾಳಮ್ಮನಿಗೂ ಕಲಮ್ಮನಿಗೂ ಒಂದೇ ಕಾಗುಣಿತ. ಶೇಷಾದ್ರಿ ಶೇಶಾದ್ರಿಯಾಗಿದ್ದರು, ಷಣ್ಮುಖಪ್ಪ ಶನ್ಮುಕಪ್ಪನಾಗಿದ್ದರು. ನಾಗರತ್ನ ಎಂದು ಬರೆಯುವವರು ಒಬ್ಬರು, ನಾಗರತ್ನಾ ಎಂದು ಬರೆಯುವವರು ಇನ್ನೊಬ್ಬರು. ಇಬ್ಬರಿಗೂ ತಮ್ಮದೇ ಸರಿ, ಸರಿಯೂ ಹೌದು. ಕೈಯಲ್ಲಿ ಹಳೆಯ ಅರ್ಜಿಗಳ ಕನ್ನಡ ಸಹಿಗಳಿದ್ದವು. ದಿನಕ್ಕೆ ಹತ್ತೋ ಹನ್ನೆರಡೋ ಹೆಸರು, ಸಹಿಯೊಡನೆ ಹೋಲಿಸಿ, ಕಾಣದಿದ್ದರೆ ಫೋನ್ ಮಾಡಿ, ತಿದ್ದುತ್ತ ಹೋದೆ. ಐದು ತಿಂಗಳಲ್ಲಿ ಒಂಬೈನೂರಕ್ಕೂ ಹೆಚ್ಚು ಹೆಸರು ಸರಿಯಾದವು. ತಿದ್ದಿದ ಪಟ್ಟಿ ತಿಂಗಳಿಗೊಂದು ವಿಭಾಗವಾಗಿ ಕ್ಲೌಡ್‌ನಲ್ಲಿ ಕೂಡಿಕೊಳ್ಳುತ್ತಿತ್ತು.

ಆರನೆಯ ತಿಂಗಳ ಒಂದು ಶುಕ್ರವಾರ, ನಮ್ಮ ಗುತ್ತಿಗೆಯ ಎಂಜಿನಿಯರ್ ತರುಣ ಆ ತಿಂಗಳ ಜಾಬ್ ಓಡಿಸಿದ. ಅರ್ಧದಲ್ಲಿ ಎಲ್ಲೋ ಜಾಲ ಕಡಿದು ನಿಂತಿತು. ಮತ್ತೆ ಓಡಿಸಿದ. ‘ಈ ಜಾಗದಲ್ಲಿ ಆಗಲೇ ಏನೋ ಇದೆ’ ಎಂದು ಯಂತ್ರ ನಿರಾಕರಿಸಿತು. ಹೊತ್ತಾಗಿತ್ತು, ಅವನಿಗೆ ತಾಂಬರಂ ಕಡೆಯ ಲೋಕಲ್ ಹಿಡಿಯಬೇಕಿತ್ತು. ಬರೆಯುವ ಸಾಲಿನಲ್ಲಿ ‘ಓವರ್‌ರೈಟ್’ ಎಂಬ ಪದ ಸೇರಿಸಿದ. ಜಾಬ್ ಸಲೀಸಾಗಿ ಮುಗಿಯಿತು. ಆ ತಿಂಗಳ ವಿಭಾಗ ಹೊಸದಾಗಿ ಬರೆದುಕೊಂಡಿತು, ಅದಕ್ಕೂ ಮೊದಲು ಹಿಂದಿನ ಐದೂ ತಿಂಗಳ ವಿಭಾಗಗಳು ಅಳಿದವು.

ಇದು ಯಂತ್ರದ ದ್ರೋಹವಲ್ಲ, ಬರೆದಿಟ್ಟ ನಿಯಮ. ಸ್ಪಾರ್ಕ್ ಎಂಬ, ಜಗತ್ತಿನಲ್ಲೆಲ್ಲ ಬಳಕೆಯಲ್ಲಿರುವ ಸಂಸ್ಕರಣಾ ವ್ಯವಸ್ಥೆಯಲ್ಲಿ ಬರೆಯುವುದಕ್ಕೆ ನಾಲ್ಕು ರೀತಿಗಳಿವೆ: ಇದ್ದದ್ದಕ್ಕೆ ಸೇರಿಸು, ಇದ್ದದ್ದನ್ನು ಅಳಿಸಿ ಬರೆ, ಇದ್ದರೆ ಸುಮ್ಮನಿರು, ಇದ್ದರೆ ದೋಷವೆಂದು ನಿಲ್ಲು. ಏನೂ ಹೇಳದಿದ್ದರೆ ಕೊನೆಯದು, ಅಂದರೆ ನಿಲ್ಲುವುದು. ಇದಕ್ಕಿಂತ ವಿವೇಕದ ಡಿಫಾಲ್ಟ್ ಇರಲಾರದು. ಆದರೆ ನಿಲ್ಲಿಸುವ ದ್ವಾರಪಾಲಕನನ್ನು ಅವಸರದಲ್ಲಿರುವವನು ಮೊದಲು ತಳ್ಳುತ್ತಾನೆ. ತಳ್ಳಿದ ಮೇಲೆ ಎರಡನೆಯ ಡಿಫಾಲ್ಟ್ ಎದುರಾಗುತ್ತದೆ, ಅದು ಅಷ್ಟು ವಿವೇಕದ್ದಲ್ಲ. ತಿಂಗಳುವಾರು ವಿಭಾಗಿಸಿದ ಸಂಗ್ರಹದ ಮೇಲೆ ಓವರ್‌ರೈಟ್ ಎಂದರೆ ಯಾವುದನ್ನು ಅಳಿಸಬೇಕು, ಈಗ ಬರೆಯುತ್ತಿರುವ ತಿಂಗಳನ್ನು ಮಾತ್ರವೋ ಎಲ್ಲವನ್ನೂ ಸೇರಿಸಿಯೋ? ‘ಸ್ಟಾಟಿಕ್’ ಎಂದರೆ ಎಲ್ಲವನ್ನೂ, ‘ಡೈನಾಮಿಕ್’ ಎಂದರೆ ಈಗಿನದನ್ನು ಮಾತ್ರ. ಎರಡನೆಯ ಆಯ್ಕೆ 2018ರಲ್ಲಿ, 2.3ನೆಯ ಆವೃತ್ತಿಯೊಡನೆ ಬಂತು. ಹಳೆಯ ಕೋಡುಗಳು ಕೆಡಬಾರದೆಂದು ಡಿಫಾಲ್ಟನ್ನು ಸ್ಟಾಟಿಕ್ ಆಗಿಯೇ ಉಳಿಸಿದರು. ಇಂಗ್ಲಿಷ್ ಓದಿದವನಾಗಿ ಹೇಳುತ್ತೇನೆ, ಸ್ಥಿರ ಎಂಬ ಅರ್ಥದ ಪದವೊಂದು ಇಷ್ಟನ್ನು ಅಳಿಸುತ್ತದೆಂದು ಯಾವ ನಿಘಂಟೂ ಎಚ್ಚರಿಸುವುದಿಲ್ಲ.

ಹಳೆಯ ಆವೃತ್ತಿಗಳನ್ನು ಉಳಿಸಿಕೊಳ್ಳುವ ಸೌಲಭ್ಯ ಕ್ಲೌಡ್ ಸಂಗ್ರಹಗಳಲ್ಲಿ ಇದ್ದೇ ಇದೆ. ಸಾಮಾನ್ಯವಾಗಿ ಅದನ್ನು ಕೇಳಿ ಪಡೆಯಬೇಕು. ನಾವು ಕೇಳಿರಲಿಲ್ಲ.

ನಮ್ಮ ಹಳೆಯ ದಾನಶಾಸನಗಳು ನೆನಪಾದವು. ಎಷ್ಟೋ ಶಾಸನಗಳ ಕೊನೆಯಲ್ಲಿ ಬರೆದವನ ಹೆಸರು, ಕಂಡರಿಸಿದವನ ಹೆಸರು ಇರುತ್ತದೆ. ಜೊತೆಗೆ, ಇದನ್ನು ಅಳಿಪಿದವನು ಯಾವ ನರಕಕ್ಕೆ ಹೋಗುತ್ತಾನೆ, ಏನಾಗಿ ಹುಟ್ಟುತ್ತಾನೆ ಎಂಬ ಶಾಪಾಶಯ. ಕಲ್ಲಿನ ಮೇಲೆ ಬರೆದರೂ ಓವರ್‌ರೈಟಿನ ಭಯ ಅವರಿಗೂ ಇತ್ತು. ನಾವು ಶಾಪವನ್ನು ಬಿಟ್ಟೆವು, ಅದರ ಜಾಗದಲ್ಲಿ ಸೆಟ್ಟಿಂಗನ್ನೂ ಹಾಕಲಿಲ್ಲ.

ನಷ್ಟವಾದದ್ದು ತಿಳಿದದ್ದು ಐದು ವಾರಗಳ ಮೇಲೆ. ನಡುವೆ ಬಡ್ತಿಗೆ ಸಂಬಂಧಿಸಿದ ತರಬೇತಿಗೆ ಹೋಗಿದ್ದೆ. ಮರಳಿ ಬಂದು ಪಟ್ಟಿ ತೆರೆದರೆ ಶೇಷಾದ್ರಿ ಮತ್ತೆ ಶೇಶಾದ್ರಿಯಾಗಿ ಕೂತಿದ್ದರು. ಅಳಿಸಿದ ತಿದ್ದುಪಡಿಗಳ ಜಾಗದಲ್ಲಿ ಮೂಲದ ಯಂತ್ರಕನ್ನಡ ಬಂದಿತ್ತು, ಹಾಗಾಗಿ ಸಾಲುಗಳ ಲೆಕ್ಕ ಸರಿಯಿತ್ತು, ಯಾವ ವರದಿಯೂ ಕೆಂಪಾಗಲಿಲ್ಲ. ಕನ್ನಡ ಓದಬಲ್ಲ ಒಂದು ಜೊತೆ ಕಣ್ಣಿಲ್ಲದೆ ಆ ತಪ್ಪನ್ನು ಕಾಣುವ ಬೇರೆ ದಾರಿಯೇ ಇರಲಿಲ್ಲ.

ಆ ತರುಣನನ್ನು ಬೈಯಲಿಲ್ಲ. ಅವನೇ ಬಂದು, “ಸರ್, ನಾನೇ ಹಾಕಿದ್ದು” ಎಂದ. ಹೇಳದಿದ್ದರೂ ಗೊತ್ತಾಗುತ್ತಿತ್ತು, ಏಕೆಂದರೆ ಅವನು ಅದನ್ನು ಕೋಡಿನಲ್ಲಿ ಬರೆದಿದ್ದ, ಕೋಡಿನ ಬದಲಾವಣೆಗಳನ್ನೆಲ್ಲ ದಾಖಲಿಸುವ ವ್ಯವಸ್ಥೆ ನಮ್ಮಲ್ಲಿತ್ತು. ಯಾವ ಸಾಲು, ಯಾರು, ಯಾವ ಸಂಜೆ ಎಷ್ಟು ಗಂಟೆಗೆ, ಎಲ್ಲವೂ ಅಲ್ಲಿತ್ತು, ನಮ್ಮ ನೋಟ್ ಶೀಟಿನ ಹಾಗೆ. ಇದೇ ಆಯ್ಕೆಯನ್ನು ವೆಬ್ ಪುಟದ ಒಂದು ಚೌಕದಲ್ಲಿ ಟಿಕ್ ಹಾಕಿ ಮಾಡಿದ್ದರೆ, ಏನಾಯಿತೆಂದು ಹುಡುಕುವುದರಲ್ಲೇ ಇನ್ನೊಂದು ತಿಂಗಳು ಹೋಗುತ್ತಿತ್ತು. ಅಮೆಜಾನ್‌ನ ಡೇಟಾಬ್ರೂ ಥರದ ಸೇವೆಗಳಲ್ಲಿ ಔಟ್‌ಪುಟ್‌ನ ಜಾಗ, ರೂಪ, ವಿಭಾಗಿಸುವ ಕಾಲಮ್‌ಗಳು, ಓವರ್‌ರೈಟ್ ಹೌದೋ ಅಲ್ಲವೋ ಎಲ್ಲವನ್ನೂ ಪರದೆಯ ಮೇಲೂ ಆರಿಸಬಹುದು, ಕೋಡಿನಲ್ಲೂ ಬರೆಯಬಹುದು. ಪರದೆ ಸುಲಭ, ನಿಜ. ನಾನು ಕೋಡಿನ ಪಕ್ಷ. ಮೌಖಿಕ ಆದೇಶಕ್ಕೂ ಕಡತದ ಮೇಲಿನ ಆದೇಶಕ್ಕೂ ಇರುವ ವ್ಯತ್ಯಾಸ ಸರ್ಕಾರಿ ನೌಕರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇದಕ್ಕೆ ಎದುರು ವಾದವಿದೆ, ಅದನ್ನು ನಮ್ಮ ಬಳಗದ ಗೆಳೆಯರೊಬ್ಬರೇ ಕಾಫಿಯ ನಡುವೆ ಮಂಡಿಸಿದರು. ಡಿಫಾಲ್ಟ್ ಎಂದರೆ ಸಾವಿರಾರು ಜನರ ಅನುಭವದಿಂದ ಮಾಗಿದ ತೀರ್ಮಾನ; ಗುಮಾಸ್ತರು ಒಂದೊಂದನ್ನೂ ಬರೆಯಹೊರಟರೆ ತಪ್ಪು ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ ಎಂದು. ಅರ್ಧ ಒಪ್ಪುತ್ತೇನೆ. ಅಮೆಜಾನ್‌ನ ಸಂಗ್ರಹದಲ್ಲಿ 2023ರ ಜನವರಿಯಿಂದ ಹೊಸ ಕಡತಗಳೆಲ್ಲ ತಾವಾಗಿಯೇ ಗೂಢಲಿಪಿಯಲ್ಲಿ ಕೂರುತ್ತವೆ, ಅದೇ ಏಪ್ರಿಲ್‌ನಿಂದ ಹೊಸ ಬಕೆಟ್‌ಗಳು ಸಾರ್ವಜನಿಕರಿಗೆ ಮುಚ್ಚಿಯೇ ಹುಟ್ಟುತ್ತವೆ. ಅದಕ್ಕೂ ಮೊದಲು ಇದನ್ನು ಬಳಸುವವರೇ ಹೇಳಬೇಕಿತ್ತು. ಒಳ್ಳೆಯ ಡಿಫಾಲ್ಟ್ ಎಂದರೆ ಇಂಥದ್ದು. ಆದರೆ ಡಿಫಾಲ್ಟ್ ಎಲ್ಲರಿಗೂ ಹೊಂದುವ ಅಂಗಿ, ಅಂದರೆ ಯಾರ ಅಳತೆಯೂ ಅಲ್ಲ. ಒಂದೇ ಮನೆಯೊಳಗೆ ಬೇರೆಬೇರೆ ಡಿಫಾಲ್ಟ್‌ಗಳಿರುವುದೂ ಉಂಟು: ಗೂಗಲ್‌ನ ಬಿಗ್‌ಕ್ವೆರಿಯಲ್ಲಿ ಹೊರಗಿನಿಂದ ಕಡತ ತುಂಬಿಸುವ ಜಾಬ್, ಏನೂ ಹೇಳದಿದ್ದರೆ, ಇದ್ದದ್ದಕ್ಕೆ ಸೇರಿಸುತ್ತದೆ, ಪ್ರಶ್ನೆಯೊಂದರ ಉತ್ತರವನ್ನು ಕೋಷ್ಟಕಕ್ಕೆ ಬರೆಯುವ ಜಾಬ್, ಕೋಷ್ಟಕ ಖಾಲಿ ಇದ್ದರೆ ಮಾತ್ರ ಬರೆಯುತ್ತದೆ. ಎರಡಕ್ಕೂ ಕಾರಣವಿದೆ. ನೆನಪಿಟ್ಟುಕೊಳ್ಳಬೇಕಾದವರು ಮಾತ್ರ ನಾವು. ಇನ್ನು ಪೈಥಾನ್‌ನ ಜೇಸನ್ ಬರಹಗಾರನಿಗೆ ಇಂಗ್ಲಿಷ್ ಅಲ್ಲದ ಅಕ್ಷರಗಳನ್ನು ಹಾಗೆಯೇ ಬಿಡು ಎಂದು ಪ್ರತ್ಯೇಕ ಹೇಳದ ಹೊರತು, ನಮ್ಮ ‘ಕ’ವನ್ನು ಅದು ಓರೆಗೆರೆ, ಒಂದು ಯು, ನಾಲ್ಕು ಸಂಕೇತಾಂಕಗಳಾಗಿ ಬರೆಯುತ್ತದೆ. ಮತ್ತೊಂದು ಯಂತ್ರ ಅದನ್ನು ಸರಿಯಾಗಿಯೇ ಓದಿಕೊಳ್ಳುತ್ತದೆ. ಮನುಷ್ಯ ಓದಲಾರ. ಓದುವವನು ಮನುಷ್ಯನೋ ಯಂತ್ರವೋ ಎಂಬುದು ಡಿಫಾಲ್ಟ್‌ಗೆ ಹೇಗೆ ಗೊತ್ತಾಗಬೇಕು?

ಇದು ಸಣ್ಣ ಕಚೇರಿಗಳ, ಸಣ್ಣ ಭಾಷೆಗಳ ಸಂಕಟ ಮಾತ್ರವೆಂದು ಭಾವಿಸಬೇಡಿ. 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ ಇಂಗ್ಲೆಂಡಿನಲ್ಲಿ 15,841 ಕೋವಿಡ್ ಸೋಂಕಿತರು ದೈನಂದಿನ ಲೆಕ್ಕಕ್ಕೆ ಬರಲೇ ಇಲ್ಲ. ಪ್ರಯೋಗಾಲಯಗಳಿಂದ ಬಂದ ಪಟ್ಟಿಗಳನ್ನು ಸಾರ್ವಜನಿಕ ಆರೋಗ್ಯ ಸಂಸ್ಥೆ ಎಕ್ಸೆಲ್‌ನ ಹಳೆಯ ರೂಪಕ್ಕೆ ತುಂಬಿಸುತ್ತಿತ್ತು. ಆ ರೂಪದ ಒಂದು ಹಾಳೆಯಲ್ಲಿ ಹಿಡಿಯುವುದು 65,536 ಸಾಲು. ಮಿಕ್ಕವು ಸದ್ದಿಲ್ಲದೆ ಉದುರಿದವು. ಆ ಜನರಿಗೆ ಪರೀಕ್ಷೆಯ ಫಲಿತಾಂಶ ತಲುಪಿತ್ತು. ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕಿ ಎಚ್ಚರಿಸುವ ಕೆಲಸ ತಡವಾಯಿತು. ಇಂಗ್ಲಿಷ್ ಭಾಷೆ, ಇಂಗ್ಲಿಷ್ ಹೆಸರು, ಹಣದ ಕೊರತೆಯೂ ಇರಲಿಲ್ಲ. ಆರಿಸಿದ ರೂಪ ತಪ್ಪಾಗಿತ್ತು, ಅಷ್ಟೇ.

ನಮಗೆ ಇನ್ನೊಂದು ತೊಡಕಿದೆ. ಸಂವಿಧಾನದ 350ನೆಯ ವಿಧಿಯ ಪ್ರಕಾರ ಕುಂದುಕೊರತೆಯ ಮನವಿಯನ್ನು ಕೇಂದ್ರದ ಅಥವಾ ರಾಜ್ಯದ ಯಾವ ಅಧಿಕಾರಿಗೇ ಆಗಲಿ, ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ನಾನು ಆ ವಿಧಿಯನ್ನು ಬಹಳ ಸಲ ಓದಿದ್ದೇನೆ. ಅದು ಒಳಬರುವ ಕಾಗದದ ಮಾತು. ಉತ್ತರ ಯಾವ ಭಾಷೆಯಲ್ಲಿ ಹೋಗಬೇಕೆಂದು ಅಲ್ಲಿಲ್ಲ. 1976ರ ರಾಜಭಾಷಾ ನಿಯಮಗಳು ಹೊರಹೋಗುವ ಕಾಗದದ ಬಗ್ಗೆ ಹೇಳುತ್ತವೆ, ಅವು ಹಿಂದಿ ಮತ್ತು ಇಂಗ್ಲಿಷಿನ ನಡುವಿನ ವ್ಯವಹಾರ. ಅವೂ ತಮಿಳುನಾಡಿಗೆ ಅನ್ವಯಿಸುವುದಿಲ್ಲ ಎಂದು ಮೊದಲ ನಿಯಮದಲ್ಲೇ ಇದೆ. ಹೀಗಾಗಿ ಮೈಸೂರಿನ ಹಿರಿಯರ ಹೆಸರು ಕನ್ನಡದಲ್ಲಿ ಪೂರ್ತಿಯಾಗಿ ಮುದ್ರಣವಾಗಬೇಕೆಂಬುದಕ್ಕೆ ನಾನು ಉಲ್ಲೇಖಿಸಬಹುದಾದ ನಿಯಮವಿಲ್ಲ. ಇರುವುದು ಜಾಬ್‌ನ ಕೊನೆಯ ಒಂದು ಸಾಲು, ಅಗಲ ಇಷ್ಟು, ಸಂಕೇತ ಇಂಥದು ಎಂದು. ಆ ಸಾಲನ್ನು ‘ತಾಂತ್ರಿಕ ವಿವರ’ ಎಂದು ಬದಿಗಿಡುವವರೊಡನೆ ನನ್ನ ಜಗಳ.

ಹಾಗಾಗಿ ನಮ್ಮ ವಿಭಾಗದಲ್ಲಿ ಒಂದು ಪದ್ಧತಿಗಾಗಿ ಒತ್ತಾಯಿಸಿದೆ, ಸ್ವಲ್ಪ ಹಟದಿಂದಲೇ. ಹೊಸ ಜಾಬ್‌ಗೆ ಅನುಮೋದನೆ ಕೇಳುವ ಟಿಪ್ಪಣಿಯಲ್ಲಿ ಔಟ್‌ಪುಟ್‌ನ ಸಾಲುಗಳನ್ನು ಸಾದಾ ಮಾತಿನಲ್ಲಿ ಬರೆಯಬೇಕು: ಎಲ್ಲಿ ಬರೆಯುತ್ತದೆ, ಅಲ್ಲಿರುವುದನ್ನು ಏನು ಮಾಡುತ್ತದೆ, ಹಳೆಯದು ಎಷ್ಟು ದಿನ ಉಳಿಯುತ್ತದೆ. ಅದಕ್ಕೆ ಸಹಿ ಹಾಕಬೇಕಾದವರು ಎಂಜಿನಿಯರ್ ಅಲ್ಲ, ಆ ಕಡತವನ್ನು ಮರುದಿನ ಬೆಳಗ್ಗೆ ತೆರೆಯುವ ವಿಭಾಗದವರು. ಜೊತೆಗೆ ಪರೀಕ್ಷೆಗೆಂದು ಐದು ಸಾಲಿನ ಒಂದು ಪುಟ್ಟ ಪಟ್ಟಿ. ಮೊದಲ ಸಾಲಿನಲ್ಲಿ ಲಕ್ಷ್ಮೀನಾರಾಯಣರು ಖಾಯಂ. ಎರಡನೆಯದರಲ್ಲಿ ದೀರ್ಘ ಓಕಾರವಿರುವ ಒಂದು ಹೆಸರು, ಅದನ್ನು ಒಂದೇ ಗುರುತಾಗಿಯೂ ಬಿಡಿಸಿಯೂ ಸಂಗ್ರಹಿಸಲು ಬರುವುದರಿಂದ. ಹನ್ನೆರಡು ಅಂಕಿಯ ಪಿಂಚಣಿ ಆದೇಶದ ಸಂಖ್ಯೆ ಇನ್ನೊಂದು ಸಾಲಿನಲ್ಲಿ. ಅಷ್ಟು ಉದ್ದದ ಸಂಖ್ಯೆಯನ್ನು ಎಕ್ಸೆಲ್ ಒಂದು ದಶಮಾಂಶ ಮತ್ತು ಹತ್ತರ ಘಾತವಾಗಿ ತೋರಿಸಿ ಬೆರಗುಗೊಳಿಸುತ್ತದೆ. ಜಾಬ್ ಎರಡು ಬಾರಿ ಓಡಬೇಕು. ಎರಡನೆಯ ಬಾರಿ ಓಡಿದ ಮೇಲೂ ಹಿಂದಿನ ತಿಂಗಳು ಅಲ್ಲೇ ಇದೆಯೇ ಎಂದು ಕಣ್ಣಾರೆ ನೋಡಬೇಕು. ಇದಕ್ಕೆಲ್ಲ ಹಿಡಿಯುವುದು ಅರ್ಧ ಗಂಟೆ. ಆರಂಭದಲ್ಲಿ ಗೊಣಗಿದವರು ಇದ್ದಾರೆ, ಈಗಲೂ ಇದ್ದಾರೆ.

ಅಳಿದುಹೋದ ತಿದ್ದುಪಡಿಗಳು ಬಹುಪಾಲು ಮರಳಿ ಬಂದವು, ಅದು ನನ್ನ ಹಳೆಯ ಗುಮಾಸ್ತಿಕೆಯ ಪುಣ್ಯ. ಪಟ್ಟಿಯನ್ನು ಮುದ್ರಿಸಿ, ಕೆಂಪು ಶಾಯಿಯಲ್ಲಿ ತಿದ್ದಿ, ಆಮೇಲೆ ಯಂತ್ರಕ್ಕೆ ಏರಿಸುವ ಅಭ್ಯಾಸ ನನ್ನದು. ಆ ಹಾಳೆಗಳು ಬೀರುವಿನಲ್ಲಿದ್ದವು. ಮೂರು ವಾರ ಕೂತು ಮತ್ತೆ ಏರಿಸಿದೆ, ಆ ಎಂಜಿನಿಯರ್ ತರುಣ ಪಕ್ಕದಲ್ಲಿ ಕೂತು ಪುಟ ತಿರುವಿದ. ಅಷ್ಟರಲ್ಲಿ ಅವನಿಗೂ ನಮ್ಮ ಒತ್ತಕ್ಷರಗಳ ಗುರುತು ಸ್ವಲ್ಪ ಹತ್ತಿತು. ಬಾರದೆ ಉಳಿದವು, ಫೋನಿನಲ್ಲಿ ಕೇಳಿಕೊಂಡು ನೇರವಾಗಿ ಯಂತ್ರದಲ್ಲೇ ತಿದ್ದಿದ ಹೆಸರುಗಳು. ಅವಕ್ಕೆ ಕಾಗದವಿಲ್ಲ.

ಅವರಿಗೆ ಈಗ ಶನಿವಾರಗಳಂದು ಮತ್ತೆ ಫೋನ್ ಮಾಡುತ್ತಿದ್ದೇನೆ. ಕಳೆದ ವಾರ ಚಾಮರಾಜನಗರದ ಒಬ್ಬ ತಾಯಿ, ಪತಿಯ ಪಿಂಚಣಿ ಪಡೆಯುತ್ತಿರುವವರು, “ಹೋದ ವರ್ಷವೂ ಇದನ್ನೇ ಕೇಳಿದ್ದಿರಲ್ಲಪ್ಪ” ಎಂದರು. ಹೌದಮ್ಮ, ಬರೆದುಕೊಂಡದ್ದು ಕಳೆದುಹೋಯಿತು ಎಂದೆ. ಒಂದು ಕ್ಷಣ ಸುಮ್ಮನಿದ್ದು, “ಗಿರಿಜಾ, ಜಾಕ್ಕೆ ದೀರ್ಘ. ಈ ಸಲ ಗಟ್ಟಿಯಾಗಿ ಬರಕೊಳ್ಳಿ” ಎಂದರು. ಬರೆದುಕೊಂಡೆ, ಮೊದಲು ಹಾಳೆಯ ಮೇಲೆ. ಪಟ್ಟಿಯಲ್ಲಿ ಇನ್ನೂ ನಲವತ್ತಾರು ಹೆಸರುಗಳಿವೆ.